ಬೆಳಕಿನ ತಂತಿ ಮತ್ತು ಕಂಪ್ಯೂಟರಿನ ‘ಡ್ರೈವರ್’

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವ ಅವಕಾಶ ಕೊಟ್ಟ ಮಹೋತ್ಸವ ಸಮಿತಿಗೆ ನಾನು ಋಣಿ. ‘ನೀನು ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೀಯೋ ಅದನ್ನೇ ಎಲ್ಲರಿಗೂ ತಿಳಿಯುವಂತೆ ಹೇಳು’ ಎಂದು ಸಮಿತಿಯವರು ಹೇಳಿದರು. ಇದು ಸುಲಭದ ಕೆಲಸವಲ್ಲ. ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುತ್ತಾರೆ, ನಾನು ‘ಸಾಫ್ಟ್‌ವೇರ್’ ಎನ್ನುತ್ತೇನೆ, ಅವರು ‘ಕಂಪ್ಯೂಟರ್ ಕೆಲಸ’ ಎಂದು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಇವತ್ತು ಸ್ವಲ್ಪ ಮುಂದೆ ಹೋಗೋಣ.

ನನ್ನ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ: ಬೆಳಕಿನ ತಂತಿಯ ತುದಿಗೆ ಸಿಕ್ಕಿಸುವ ಒಂದು ಸಣ್ಣ ಸಾಧನವನ್ನು ಕಂಪ್ಯೂಟರ್ ಗುರುತಿಸಿ, ಅದರಿಂದ ಸರಿಯಾಗಿ ಕೆಲಸ ತೆಗೆಸುವಂತೆ ಮಾಡುವ ‘ಡ್ರೈವರ್’ ಎಂಬ ತಂತ್ರಾಂಶವನ್ನು ಬರೆಯುವುದು ಮತ್ತು ಪರೀಕ್ಷಿಸುವುದು. ಇಲ್ಲಿ ಡ್ರೈವರ್ ಎಂದರೆ ಸ್ಟೇರಿಂಗ್ ಹಿಡಿಯುವವನಲ್ಲ. ಅವನು ಯಾರು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಬೆಳಕಿನ ತಂತಿಯ ವಿಷಯ.

ಆಪ್ಟಿಕಲ್ ಫೈಬರ್ ಈಗ ಹಳ್ಳಿಗೆ ಹೊಸತಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೇ ಮುಂದೆ ‘ಭಾರತ್‌ನೆಟ್’ ಎಂಬ ಹೆಸರು ಬಂತು. ದೇಶದ ಸುಮಾರು 2.5 ಲಕ್ಷ ಪಂಚಾಯಿತಿಗಳನ್ನು ಮುಟ್ಟುವುದು ಅದರ ಗುರಿ. ಮನೆ ಮನೆಗೆ ಕಂಬದಿಂದ ಕಂಬಕ್ಕೆ ಕಪ್ಪು ಕೇಬಲ್ ಎಳೆದು ಇಂಟರ್‌ನೆಟ್ ಕೊಡುವವರೂ ಬಂದಿದ್ದಾರೆ. ಆ ಕಪ್ಪು ಹೊದಿಕೆಯ ಒಳಗಿರುವುದು ತಾಮ್ರವಲ್ಲ, ಕೂದಲೆಳೆಯಂಥ ಗಾಜು.

ಗಾಜಿನ ಒಳಗೆ ಬೆಳಕು ಹೇಗೆ ಓಡುತ್ತದೆ? ಇದು ಈ ಶಾಲೆಯಲ್ಲೇ ನಮಗೆ ಪಾಠವಾದ ವಿಷಯ: ಪೂರ್ಣ ಆಂತರಿಕ ಪ್ರತಿಫಲನ. ಒಳಗಿನ ಗಾಜಿಗಿಂತ ಹೊರಪದರದ ಗಾಜಿನ ವಕ್ರೀಭವನಾಂಕ ಸ್ವಲ್ಪ ಕಡಿಮೆ. ಆದ್ದರಿಂದ ಓರೆಯಾಗಿ ಬಂದ ಬೆಳಕು ಹೊರಗೆ ಹೋಗಲಾರದೆ ಒಳಗೇ ಉಳಿದು ಮುಂದೆ ಸಾಗುತ್ತದೆ. ತತ್ತ್ವ ಹಳೆಯದು, ಆದರೆ ಹಳೆಯ ಗಾಜಿನಲ್ಲಿ ಬೆಳಕು ಹೆಚ್ಚು ದೂರ ಹೋಗುತ್ತಿರಲಿಲ್ಲ. 1966ರಲ್ಲಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಅವರ ಸಹೋದ್ಯೋಗಿ ಜಾರ್ಜ್ ಹಾಕ್‌ಹ್ಯಾಮ್, ತೊಂದರೆ ಇರುವುದು ಗಾಜಿನಲ್ಲಲ್ಲ, ಅದರೊಳಗಿನ ಕಲ್ಮಶದಲ್ಲಿ ಎಂದು ತೋರಿಸಿಕೊಟ್ಟರು. ಒಂದು ಕಿಲೋಮೀಟರ್ ಸಾಗಿದ ಮೇಲೆ ಬೆಳಕಿನಲ್ಲಿ ನೂರಕ್ಕೆ 1 ಪಾಲು ಉಳಿದರೂ ಸಾಕು, ದೂರಸಂಪರ್ಕಕ್ಕೆ ಗಾಜು ಬಳಸಬಹುದು ಎಂಬುದು ಅವರ ಲೆಕ್ಕ. ಇಂದಿನ ಒಳ್ಳೆಯ ಫೈಬರಿನಲ್ಲಿ, 1550 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಒಂದು ಕಿಲೋಮೀಟರ್ ಹೋದ ಮೇಲೂ ನೂರಕ್ಕೆ ಸುಮಾರು 95 ಪಾಲು ಉಳಿದಿರುತ್ತದೆ. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಂಪ್ಯೂಟರಿಗೆ ಬೆಳಕು ಗೊತ್ತಿಲ್ಲ, ಅದು ಬಲ್ಲದ್ದು ವಿದ್ಯುತ್ತಿನ ಸಂಕೇತ ಮಾತ್ರ. ಆದ್ದರಿಂದ ಮಧ್ಯದಲ್ಲಿ ಒಬ್ಬ ಬೇಕು: ವಿದ್ಯುತ್ತನ್ನು ಬೆಳಕಾಗಿಸಿ ಕಳಿಸುವವನು, ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವವನು. ಆ ಕೆಲಸ ಮಾಡುವುದು ನನ್ನ ಕೈಯಲ್ಲಿರುವ ಈ ತುಂಡು. ಇದಕ್ಕೆ ‘ಎಸ್‌ಎಫ್‌ಪಿ ಮಾಡ್ಯೂಲ್’ ಎನ್ನುತ್ತಾರೆ. ಉದ್ದ 5.6 ಸೆಂಟಿಮೀಟರ್, ಅಂದರೆ ಒಂದು ಬೆರಳಿನಷ್ಟು. ಒಂದು ತುದಿಯಲ್ಲಿ ಫೈಬರ್ ಸಿಕ್ಕಿಸುವ ರಂಧ್ರಗಳು, ಇನ್ನೊಂದು ತುದಿಯಲ್ಲಿ 20 ಲೋಹದ ಪಟ್ಟಿಗಳು. ಒಳಗೆ ಒಂದು ಪುಟ್ಟ ಲೇಸರ್ ಮತ್ತು ಬೆಳಕನ್ನು ಗ್ರಹಿಸುವ ಒಂದು ಕಣ್ಣು. ಇದರದೇ ಆಕಾರದ ‘ಎಸ್‌ಎಫ್‌ಪಿ ಪ್ಲಸ್’ ಎಂಬ ಮಾದರಿಯಲ್ಲಿ ಸೆಕೆಂಡಿಗೆ ಸಾವಿರ ಕೋಟಿ ಬಿಟ್‌ಗಳು ಹೋಗುತ್ತವೆ. ಯಂತ್ರ ಓಡುತ್ತಿರುವಾಗಲೇ ಇದನ್ನು ಕಿತ್ತು ಬೇರೆಯದನ್ನು ಹಾಕಬಹುದು.

ಇದನ್ನು ಹೀಗೆ ಬಿಡಿಯಾಗಿ ಮಾಡಿದ್ದಕ್ಕೆ ಕಾರಣವಿದೆ. ಒಬ್ಬರಿಗೆ ಅದೇ ಕಟ್ಟಡದ 100 ಮೀಟರ್ ಸಾಕು, ಇನ್ನೊಬ್ಬರಿಗೆ ಪಕ್ಕದ ಊರಿನ 10 ಕಿಲೋಮೀಟರ್ ಬೇಕು, ಮತ್ತೊಬ್ಬರಿಗೆ 80 ಕಿಲೋಮೀಟರ್ ಬೇಕು. ಪ್ರತಿಯೊಂದಕ್ಕೂ ಬೇರೆ ಲೇಸರ್. ದೂರ ಬದಲಾದಾಗಲೆಲ್ಲ ಇಡೀ ಪೆಟ್ಟಿಗೆ ಬದಲಾಯಿಸುವ ಬದಲು ಈ ತುಂಡನ್ನಷ್ಟೇ ಬದಲಾಯಿಸಿದರೆ ಆಯಿತು. 2000ದ ಆಸುಪಾಸಿನಲ್ಲಿ ಹಲವು ಕಂಪನಿಗಳು ಕೂತು, ಇದರ ಅಳತೆ, ಪಟ್ಟಿಗಳ ಕ್ರಮ, ವೋಲ್ಟೇಜ್ ಎಲ್ಲವನ್ನೂ ಒಮ್ಮತದಿಂದ ಗೊತ್ತುಮಾಡಿದವು. ನಮ್ಮ ರೈತರಿಗೆ ಇದು ಹೊಸದಾಗಿ ಕಾಣಬಾರದು. ಟ್ರ್ಯಾಕ್ಟರಿನ ಹಿಂದೆ ಮೇಲೊಂದು ಟಾಪ್ ಲಿಂಕ್, ಕೆಳಗೆ ಎರಡು ತೋಳು ಇರುತ್ತವೆ. ಆ ಮೂರು ಕೊಂಡಿಗಳ ಅಳತೆ ಗೊತ್ತುಮಾಡಿದ್ದರಿಂದಲೇ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಇನ್ನೊಂದು ಕಂಪನಿಯ ಕಲ್ಟಿವೇಟರ್ ಕೂರುತ್ತದೆ, ಪಕ್ಕದ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ನೇಗಿಲೂ ಕೂರುತ್ತದೆ.

ಈಗ ಡ್ರೈವರ್ ವಿಷಯಕ್ಕೆ ಬರೋಣ. ಕಂಪ್ಯೂಟರಿನ ಎಲ್ಲ ಕೆಲಸವನ್ನೂ ಹಂಚಿ ನೋಡಿಕೊಳ್ಳುವ ಮುಖ್ಯ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತೇವೆ. ವಿಂಡೋಸ್ ಗೊತ್ತಿರುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶ ಅದು. ಇಂಟರ್‌ನೆಟ್ಟಿನ ಸರ್ವರ್‌ಗಳಲ್ಲಿ ಬಹುಪಾಲು ಅದರ ಮೇಲೆಯೇ ಓಡುತ್ತವೆ. ಆದರೆ ಪ್ರಿಂಟರ್, ಕ್ಯಾಮೆರಾ, ನೆಟ್‌ವರ್ಕ್ ಕಾರ್ಡು, ಒಂದೊಂದರ ಭಾಷೆಯೂ ಬೇರೆ. ಅವೆಲ್ಲವನ್ನೂ ಆಪರೇಟಿಂಗ್ ಸಿಸ್ಟಂ ತಾನೇ ಕಲಿಯುವುದಿಲ್ಲ. ಒಂದೊಂದು ಸಾಧನಕ್ಕೂ ಒಬ್ಬೊಬ್ಬ ದುಭಾಷಿಯನ್ನು ಇಟ್ಟುಕೊಳ್ಳುತ್ತದೆ. ಆ ದುಭಾಷಿಯೇ ಡ್ರೈವರ್.

ಈ ಮಾಡ್ಯೂಲನ್ನು ಸಿಕ್ಕಿಸಿದಾಗ ದುಭಾಷಿ ಏನು ಮಾಡುತ್ತಾನೆ ನೋಡಿ. ಮಾಡ್ಯೂಲಿನ ಒಳಗೆ 256 ಬೈಟ್‌ಗಳ ಒಂದು ಪುಟ್ಟ ಸ್ಮೃತಿಕೋಶವಿದೆ. ಅದನ್ನು ಇದರ ಗುರುತಿನ ಚೀಟಿ ಎನ್ನಿ. ಎಲ್ಲಿ ಏನು ಬರೆದಿರಬೇಕು ಎಂಬುದೂ ಒಪ್ಪಂದದಲ್ಲೇ ಗೊತ್ತಾಗಿದೆ. ಮೊದಲ ಬೈಟಿನಲ್ಲಿ 3 ಎಂದಿದ್ದರೆ ಅದು ಎಸ್‌ಎಫ್‌ಪಿ. 20ರಿಂದ 35ನೇ ಬೈಟಿನವರೆಗೆ ತಯಾರಕರ ಹೆಸರು. 37ರಿಂದ 39ರವರೆಗೆ ತಯಾರಕರಿಗೆ ಕೊಟ್ಟ ಸಂಕೇತ ಸಂಖ್ಯೆ. 40ರಿಂದ ಮಾದರಿಯ ಹೆಸರು, 60 ಮತ್ತು 61ರಲ್ಲಿ ಬೆಳಕಿನ ಅಲೆಯುದ್ದ, 68ರಿಂದ ಕ್ರಮಸಂಖ್ಯೆ. ಎಷ್ಟು ವೇಗ, ಎಷ್ಟು ದೂರ ಎಂಬುದಕ್ಕೂ ಜಾಗಗಳಿವೆ.

ಮಕ್ಕಳೇ, 63ನೇ ಬೈಟಿನಲ್ಲಿ ನಿಮ್ಮ ಗಣಿತವಿದೆ. ಮೊದಲ 63 ಬೈಟ್‌ಗಳನ್ನು, ಅಂದರೆ 0ಯಿಂದ 62ರವರೆಗೆ, ಕೂಡಿಸಿ 256ರಿಂದ ಭಾಗಿಸಿ. ಬಂದ ಶೇಷವನ್ನು ಅಲ್ಲಿ ಬರೆದಿರುತ್ತಾರೆ. ಉದಾಹರಣೆಗೆ 200, 100, 50 ಎಂಬ ಮೂರೇ ಸಂಖ್ಯೆ ಇದ್ದರೆ ಮೊತ್ತ 350, ಶೇಷ 94. ಓದುವವನೂ ಕೂಡಿಸಿ ನೋಡುತ್ತಾನೆ. ಶೇಷ ತಾಳೆಯಾಗದಿದ್ದರೆ ಚೀಟಿಯಲ್ಲೋ ಓದಿನಲ್ಲೋ ತಪ್ಪಿದೆ ಎಂದರ್ಥ. ಭಾಗಾಕಾರದ ಶೇಷ ಯಾವ ಉಪಯೋಗಕ್ಕೆ ಎಂದು ನಾವು ಹಿಂದಿನ ಬೆಂಚಿನಲ್ಲಿ ಗೊಣಗುತ್ತಿದ್ದೆವು. ಇದೇ ಉಪಯೋಗಕ್ಕೆ.

ಲಿನಕ್ಸಿನಲ್ಲಿ ಈ ಮಾಡ್ಯೂಲ್‌ಗಳಿಗೆಂದೇ ರಸೆಲ್ ಕಿಂಗ್ ಎಂಬುವರು ಬರೆದ ಒಂದು ಡ್ರೈವರ್ ಇದೆ. 2017ರಲ್ಲಿ ಬಂದ 4.14ನೇ ಆವೃತ್ತಿಯಲ್ಲಿ ಅದು ಸೇರಿತು. ಅದರ ನಡೆ ಒಬ್ಬ ಒಳ್ಳೆಯ ಲೈನ್‌ಮನ್‌ನ ನಡೆಯಂತೆ ಕ್ರಮಬದ್ಧ. ಮಾಡ್ಯೂಲ್ ಬಂತೆಂದು ತಿಳಿದ ಕೂಡಲೇ ಲೇಸರ್ ಹಚ್ಚುವುದಿಲ್ಲ. ಅದಕ್ಕೆ ಎಚ್ಚರಗೊಳ್ಳಲು ಸಮಯ ಕೊಡುತ್ತದೆ. ಚೀಟಿ ಓದುತ್ತದೆ, ಶೇಷ ತಾಳೆ ನೋಡುತ್ತದೆ. ಈ ಮಾಡ್ಯೂಲಿಗೆ ಬೇಕಾದ ವಿದ್ಯುತ್ತನ್ನು ಈ ಪೆಟ್ಟಿಗೆ ಕೊಡಬಲ್ಲದೇ ಎಂದು ಲೆಕ್ಕ ಹಾಕುತ್ತದೆ. ಯಾವ ವೇಗದಲ್ಲಿ ಮಾತನಾಡಬೇಕೆಂದು ನಿರ್ಧರಿಸುತ್ತದೆ. ಆಮೇಲಷ್ಟೇ ಲೇಸರ್ ಹಚ್ಚಿ, ಆ ಕಡೆಯಿಂದ ಬೆಳಕು ಬರುತ್ತಿದೆಯೇ ಎಂದು ಕಾಯುತ್ತದೆ. ಒಂದು ಪೆಟ್ಟಿಗೆ 1 ವಾಟ್ ಮಾತ್ರ ಕೊಡಬಲ್ಲದು, ಮಾಡ್ಯೂಲ್ 2 ವಾಟ್ ಕೇಳುತ್ತದೆ ಎಂದಾದರೆ ಅದು ಮಾಡ್ಯೂಲನ್ನು ಪೂರ್ಣ ಶಕ್ತಿಯಲ್ಲಿ ಓಡಿಸುವುದಿಲ್ಲ. ಇಲ್ಲಿ ಇಲ್ಲ ಎನ್ನಲು ಕಾರಣವಿದೆ, ಆ ಕಾರಣವನ್ನು ಯಾರು ಬೇಕಾದರೂ ಓದಿ ತಿಳಿಯಬಹುದು.

ಚೀಟಿಯಲ್ಲಿ ಬರೆದದ್ದೆಲ್ಲ ನಿಜವಾಗಿದ್ದರೆ ನನ್ನಂಥವರಿಗೆ ಅರ್ಧ ಕೆಲಸ ಇರುತ್ತಿರಲಿಲ್ಲ. ಮನೆಗಳಿಗೆ ಫೈಬರ್ ಕೊಡುವ ‘ಜಿಪಾನ್’ ಎಂಬ ವ್ಯವಸ್ಥೆಗೆ ಬಳಸುವ ಕೆಲವು ಮಾಡ್ಯೂಲ್‌ಗಳನ್ನೇ ತೆಗೆದುಕೊಳ್ಳಿ. ಹುವಾವೇ ಕಂಪನಿಯ ಎಂಎ5671ಎ ಎಂಬ ಮಾದರಿ ಕಂಪ್ಯೂಟರಿನ ಜೊತೆ 2.5 ಗಿಗಾಬಿಟ್ ವೇಗದಲ್ಲಿ ಮಾತನಾಡಬಲ್ಲದು, ಆದರೆ ತನ್ನ ಚೀಟಿಯಲ್ಲಿ 1.2 ಎಂದು ಬರೆದುಕೊಂಡಿದೆ. ಚೀಟಿಯನ್ನಷ್ಟೇ ನಂಬಿದರೆ ಅದು ಅರ್ಧಕ್ಕಿಂತ ಕಡಿಮೆ ವೇಗದಲ್ಲೇ ಉಳಿಯುತ್ತದೆ. ಇಂಥ ಕೆಲವು ಮಾಡ್ಯೂಲ್‌ಗಳ ಒಳಗೆ ಒಂದು ಪೂರ್ಣ ಪುಟ್ಟ ಕಂಪ್ಯೂಟರೇ ಇರುತ್ತದೆ, ಅದು ಎದ್ದು ಕೂರಲು ಬಹಳ ಹೊತ್ತು ಬೇಕು. ಸಾಧಾರಣ ಮಾಡ್ಯೂಲಿಗೆ 300 ಮಿಲಿಸೆಕೆಂಡ್ ಕಾದರೆ ಸಾಕು ಎನ್ನುವ ಡ್ರೈವರ್, ಒಂದು ಮಾದರಿಗಾಗಿ 60 ಸೆಕೆಂಡ್‌ವರೆಗೆ ಕಾಯುವ ವಿನಾಯಿತಿಯನ್ನು ಇಟ್ಟುಕೊಂಡಿದೆ.

ಇಂಥ ವಿನಾಯಿತಿಗಳಿಗೆ ಡ್ರೈವರಿನಲ್ಲಿ ಒಂದು ಪಟ್ಟಿಯೇ ಇದೆ. ‘ಇಂಥ ತಯಾರಕರ ಇಂಥ ಮಾದರಿ ಸಿಕ್ಕರೆ, ಚೀಟಿಯಲ್ಲಿ ಹೀಗಿದ್ದರೂ ಹಾಗೆಂದು ತಿಳಿ’ ಎಂಬ ಒಂದೊಂದು ಸಾಲು. ಆ ಸಾಲುಗಳನ್ನು ಬರೆದವರು ಬೇರೆ ಬೇರೆ ದೇಶದವರು. ತಮ್ಮ ಕೈಯಲ್ಲಿದ್ದ ಮಾಡ್ಯೂಲ್ ಕೆಲಸ ಮಾಡದಿದ್ದಾಗ, ಕಾರಣ ಹುಡುಕಿ, ಪರೀಕ್ಷಿಸಿ, ಕಳಿಸಿದವರು. ಒಬ್ಬರು ಕಂಡುಕೊಂಡದ್ದು ಎಲ್ಲರ ಕಂಪ್ಯೂಟರಿಗೂ ತಲುಪುತ್ತದೆ. ಬಾಗಿಲು ತೆರೆದಿರುವುದರ ಲಾಭ ಇದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಚೀಟಿಯಲ್ಲಿ ತಯಾರಕರ ಹೆಸರು ಇರುವುದು ಗುರುತಿಗಾಗಿ. ಆದರೆ ಕೆಲವು ನೆಟ್‌ವರ್ಕ್ ಉಪಕರಣಗಳು ಆ ಹೆಸರನ್ನು ಅಪ್ಪಣೆ ಚೀಟಿಯಂತೆ ಬಳಸುತ್ತವೆ. ತಮ್ಮ ಕಂಪನಿಯ, ಅಥವಾ ತಾವು ಒಪ್ಪಿದ ಹೆಸರಿದ್ದರೆ ಮಾತ್ರ ಬಾಗಿಲು, ಇಲ್ಲದಿದ್ದರೆ ಇಲ್ಲ. ಲೇಸರ್ ಸರಿ ಇರಬಹುದು, ಅಲೆಯುದ್ದ ಸರಿ ಇರಬಹುದು, ವಿದ್ಯುತ್ ಬಳಕೆ ಮಿತಿಯಲ್ಲಿರಬಹುದು. ಆದರೂ ‘ಬೆಂಬಲವಿಲ್ಲದ ಮಾಡ್ಯೂಲ್’ ಎಂಬ ಸಂದೇಶ ಬಂದು ಕೆಲಸ ನಿಲ್ಲುತ್ತದೆ. ಎಲ್ಲರೂ ನೋಡಬಹುದಾದ ಒಂದು ಉದಾಹರಣೆ, ಇಂಟೆಲ್ ಕಂಪನಿಯ 10 ಗಿಗಾಬಿಟ್ ಕಾರ್ಡುಗಳಿಗೆ ಲಿನಕ್ಸಿನಲ್ಲಿರುವ ‘ಐಎಕ್ಸ್‌ಜಿಬಿಇ’ ಡ್ರೈವರ್. ಅದು ಚೀಟಿಯಲ್ಲಿರುವ ತಯಾರಕರ ಸಂಕೇತ ಸಂಖ್ಯೆಯನ್ನು ನೋಡುತ್ತದೆ. ಬೇರೆಯವರ ಆಪ್ಟಿಕಲ್ ಮಾಡ್ಯೂಲ್‌ಗೂ ಅನುಮತಿ ಇದೆ ಎಂದು ಕಾರ್ಡಿನಲ್ಲೇ ಬರೆದಿರದಿದ್ದರೆ, ಸಾಮಾನ್ಯವಾಗಿ ನಿರಾಕರಿಸುತ್ತದೆ. ಆದರೆ ಅದೇ ಡ್ರೈವರಿನಲ್ಲಿ ‘ಅಲೋ ಅನ್‌ಸಪೋರ್ಟೆಡ್ ಎಸ್‌ಎಫ್‌ಪಿ’ ಎಂಬ ಒಂದು ಆಯ್ಕೆಯನ್ನೂ ಇಟ್ಟಿದ್ದಾರೆ. ಅದನ್ನು 1 ಎಂದು ಮಾಡಿದರೆ, ‘ನಾವು ಪರೀಕ್ಷಿಸದ ಮಾಡ್ಯೂಲಿನಿಂದ ಏನಾದರೂ ಆದರೆ ಹೊಣೆ ನಮ್ಮದಲ್ಲ’ ಎಂಬ ಅರ್ಥದ ಎಚ್ಚರಿಕೆ ಕೊಟ್ಟು ದಾರಿ ಬಿಡುತ್ತದೆ.

ಕಂಪನಿಗಳ ಮಾತಿನಲ್ಲೂ ಅರ್ಥವಿದೆ. ಕಳಪೆ ಮಾಡ್ಯೂಲ್ ಬಿಸಿಯಾಗುತ್ತದೆ, ಪಕ್ಕದ ಕಿಂಡಿಯನ್ನೂ ಕೆಡಿಸಬಹುದು. ರಾತ್ರಿ ಎರಡು ಗಂಟೆಗೆ ಜಾಲ ನಿಂತರೆ ಗ್ರಾಹಕ ಫೋನು ಮಾಡುವುದು ಪೆಟ್ಟಿಗೆ ಮಾರಿದವರಿಗೆ. ತಾವು ಪರೀಕ್ಷಿಸಿದ್ದಕ್ಕೆ ಮಾತ್ರ ಗ್ಯಾರಂಟಿ ಎಂದರೆ ಅದು ನ್ಯಾಯ. ಆದರೆ ‘ನಮ್ಮದಲ್ಲದ್ದಕ್ಕೆ ಗ್ಯಾರಂಟಿ ಇಲ್ಲ’ ಎನ್ನುವುದು ಒಂದು ಮಾತು, ‘ನಮ್ಮದಲ್ಲದ್ದು ಓಡಲೇಕೂಡದು’ ಎನ್ನುವುದು ಬೇರೆ ಮಾತು. ನಿಮ್ಮ ಟ್ರ್ಯಾಕ್ಟರ್, ಕಲ್ಟಿವೇಟರಿನ ಮೇಲಿನ ಹೆಸರಿನ ತಗಡನ್ನು ಓದಿ, ಬೇರೆ ಕಂಪನಿಯದು ಎಂದು ಎತ್ತಲು ಒಪ್ಪದಿದ್ದರೆ ನೀವು ಏನೆನ್ನುತ್ತೀರಿ? ಭಾರ ಹೆಚ್ಚಾಗಿ ಎತ್ತದಿದ್ದರೆ ಒಪ್ಪುತ್ತೀರಿ. ಹೆಸರಿಗಾಗಿ ಎತ್ತದಿದ್ದರೆ, ‘ದುಡ್ಡು ಕೊಟ್ಟವನು ನಾನು’ ಎನ್ನುತ್ತೀರಿ.

ಹೆಸರು ಕೇಳುವ ಪದ್ಧತಿಯಿಂದ ಇನ್ನೊಂದು ಕೇಡು ಆಗಿದೆ. ಅದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಹೆಸರಿದ್ದರೆ ಮಾತ್ರ ಪ್ರವೇಶ ಎಂದಾದಾಗ ಮಾರುಕಟ್ಟೆ ಏನು ಮಾಡಿತು? ಸ್ಮೃತಿಕೋಶದಲ್ಲಿ ಬೇಕಾದ ಹೆಸರನ್ನು ಬರೆದು ಮಾರಲು ಶುರುಮಾಡಿತು. ಯಾವ ಪೆಟ್ಟಿಗೆಗೆ ಬೇಕೋ ಆ ಹೆಸರು. ಅದಕ್ಕೆ ‘ಕಂಪ್ಯಾಟಿಬಲ್’ ಮಾಡ್ಯೂಲ್ ಎನ್ನುತ್ತಾರೆ. ಮಾಡ್ಯೂಲ್ ಒಳ್ಳೆಯದೇ ಇರಬಹುದು, ಆದರೆ ಚೀಟಿಯಲ್ಲಿರುವ ಹೆಸರು ಅದರದ್ದಲ್ಲ. ಈಗ ಹಿಂದೆ ಹೇಳಿದ ವಿನಾಯಿತಿ ಪಟ್ಟಿಯನ್ನು ನೆನೆಸಿಕೊಳ್ಳಿ. ಆ ಪಟ್ಟಿ ನಡೆಯುವುದು ತಯಾರಕರ ಹೆಸರು ಮತ್ತು ಮಾದರಿಯ ಹೆಸರಿನ ಮೇಲೆ. ಹೆಸರೇ ಸುಳ್ಳಾದರೆ ಯಾವ ಮಾಡ್ಯೂಲಿಗೆ ಯಾವ ತಿದ್ದುಪಡಿ ಬೇಕೆಂದು ಡ್ರೈವರ್ ಬರೆಯುವವರಿಗೆ ಹೇಗೆ ತಿಳಿಯಬೇಕು? ಒಂದು ತಂಡದ ಮಾಲು ಕೆಟ್ಟದೆಂದು ಗೊತ್ತಾದರೆ ಅದನ್ನು ಹುಡುಕುವುದು ಹೇಗೆ? ಹೆಸರನ್ನೇ ಬೀಗ ಮಾಡಿದ್ದರಿಂದ ಹೆಸರಿನ ಬೆಲೆಯೇ ಹೋಯಿತು. ಬಾಗಿಲಲ್ಲಿ ‘ನೀನು ಯಾರವನು’ ಎಂದು ಕೇಳಿದರೆ ಬಂದವನು ಸುಳ್ಳು ಹೇಳಲು ಕಲಿಯುತ್ತಾನೆ. ‘ನಿನಗೆ ಏನು ಬರುತ್ತದೆ’ ಎಂದು ಕೇಳಿ, ಪರೀಕ್ಷಿಸಿ ನೋಡಿದರೆ ಸುಳ್ಳಿನ ಅಗತ್ಯವೇ ಇರುವುದಿಲ್ಲ. ಸಾಧನದ ಮಟ್ಟಿಗೆ ನನ್ನ ಅಭಿಪ್ರಾಯ ಇಷ್ಟೇ. ಮನುಷ್ಯರ ಮಟ್ಟಿಗೆ ಇದನ್ನು ನಮ್ಮ ಶಾಲೆ ಐವತ್ತು ವರ್ಷದಿಂದ ಪಾಲಿಸಿಕೊಂಡು ಬಂದಿದೆ. ಯಾರ ಮಗ, ಯಾರ ಮಗಳು ಎಂದು ಕೇಳಿ ಇಲ್ಲಿ ಯಾರಿಗೂ ಬೆಂಚು ಕೊಡಲಿಲ್ಲ.

ಇದರಿಂದ ಊರಿಗೇನು ಎಂದು ಕೇಳಬಹುದು. ಮೂರು ವಿಷಯ ಹೇಳುತ್ತೇನೆ.

ಮೊದಲನೆಯದು ಕೊಳ್ಳುವ ಮಾತು. ಪಂಚಾಯಿತಿ, ಸಹಕಾರ ಸಂಘ, ಹಾಲಿನ ಡೈರಿ, ಶಾಲೆ, ಯಾವುದೇ ಇರಲಿ, ನೆಟ್‌ವರ್ಕ್ ಉಪಕರಣ ಕೊಳ್ಳುವಾಗ ಬೆಲೆಯ ಜೊತೆಗೆ ಎರಡು ಪ್ರಶ್ನೆ ಕೇಳಿ. ಇದಕ್ಕೆ ಬೇರೆ ಕಂಪನಿಯ ಮಾಡ್ಯೂಲ್ ಹಾಕಿದರೆ ನಡೆಯುತ್ತದೆಯೇ? ಇದರ ಡ್ರೈವರ್ ಲಿನಕ್ಸಿನಲ್ಲಿ ಸೇರಿದೆಯೇ, ಇಲ್ಲ ಕಂಪನಿ ಕೊಟ್ಟರೆ ಮಾತ್ರ ಉಂಟೇ? ಪೆಟ್ಟಿಗೆ ಹತ್ತು ವರ್ಷ ಬಾಳಬಹುದು. ಅಷ್ಟು ವರ್ಷ ಆ ಕಂಪನಿ ಆ ಮಾದರಿಯನ್ನು ನೋಡಿಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ತೆರೆದ ಡ್ರೈವರ್ ಇದ್ದರೆ ಕಂಪನಿ ಕೈಬಿಟ್ಟರೂ ಬೇರೆಯವರು ತಿದ್ದಬಹುದು. ಇಲ್ಲದಿದ್ದರೆ ಚೆನ್ನಾಗಿರುವ ಪೆಟ್ಟಿಗೆಯೂ ಗುಜರಿಗೆ ಹೋಗುತ್ತದೆ.

ಎರಡನೆಯದು ರಿಪೇರಿಯ ಮಾತು. ಹೆಚ್ಚಿನ ಮಾಡ್ಯೂಲ್‌ಗಳು ತಮ್ಮ ಬಿಸಿ, ವೋಲ್ಟೇಜ್, ಕಳಿಸುವ ಬೆಳಕಿನ ಬಲ, ಬರುವ ಬೆಳಕಿನ ಬಲ ಇವನ್ನು ತಾವೇ ಅಳೆದು ಹೇಳುತ್ತವೆ. ಲಿನಕ್ಸಿನಲ್ಲಿ ‘ಈಥ್‌ಟೂಲ್’ ಎಂಬ ಆಜ್ಞೆ ಕೊಟ್ಟರೆ ಎಲ್ಲವೂ ಪರದೆಯ ಮೇಲೆ ಬರುತ್ತದೆ. ಕಳಿಸುವ ಬೆಳಕು ಸರಿ ಇದ್ದು ಬರುವ ಬೆಳಕು ಕುಂದಿದ್ದರೆ, ದೋಷ ದಾರಿಯಲ್ಲಿ ಅಥವಾ ಆ ಕಡೆಯ ತುದಿಯಲ್ಲಿ. ಎಷ್ಟೋ ಸಲ ಕಾರಣ ಫೈಬರ್ ತುದಿಯ ಮೇಲಿನ ಧೂಳು ಅಷ್ಟೇ. ನಿಮ್ಮ ಮನೆಯ ಇಂಟರ್‌ನೆಟ್ ಪೆಟ್ಟಿಗೆಯಲ್ಲಿ ‘ಎಲ್‌ಓಎಸ್’ ಎಂಬ ಕೆಂಪು ದೀಪ ಉರಿದರೆ ಬೆಳಕು ಬರುತ್ತಿಲ್ಲ ಎಂದರ್ಥ. ಹತ್ತು ಸಲ ಸ್ವಿಚ್ ಆರಿಸಿ ಹಾಕುವ ಮೊದಲು, ಕೇಬಲ್ ಎಲ್ಲಾದರೂ ಮಡಚಿದೆಯೇ, ಬಾಗಿಲ ಸಂದಿಯಲ್ಲಿ ಸಿಕ್ಕಿದೆಯೇ ನೋಡಿ. ಒಂದು ಎಚ್ಚರಿಕೆ: ಬಿಚ್ಚಿದ ಫೈಬರಿನ ತುದಿಯನ್ನಾಗಲಿ, ಮಾಡ್ಯೂಲಿನ ರಂಧ್ರವನ್ನಾಗಲಿ ಕಣ್ಣಿಗೆ ಹಿಡಿದು ನೋಡಬಾರದು. ಅಲ್ಲಿ ಬರುವ ಬೆಳಕು ಅವಕೆಂಪು, ಕಣ್ಣಿಗೆ ಕಾಣುವುದಿಲ್ಲ. ಕಾಣದಿದ್ದರೂ ಹಾನಿ ಮಾಡಬಲ್ಲದು. ಮಕ್ಕಳಿಗೆ ಇದನ್ನು ಮನೆಯಲ್ಲೂ ಹೇಳಿ.

ಮೂರನೆಯದು ಮಕ್ಕಳಿಗೆ. ಡ್ರೈವರ್ ಬರೆಯುವುದು ಮಂತ್ರವಿದ್ಯೆಯಲ್ಲ. ಬೇಕಾದ್ದು ಸಿ ಎಂಬ ಕಂಪ್ಯೂಟರ್ ಭಾಷೆ, ಹತ್ತನೇ ತರಗತಿಯ ಬೆಳಕಿನ ಪಾಠ, ದ್ವಿಮಾನ ಸಂಖ್ಯೆಗಳ ಗಣಿತ, ಮತ್ತು ಬರೆದದ್ದನ್ನು ತಾಳ್ಮೆಯಿಂದ ಓದುವ ಅಭ್ಯಾಸ. ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ನನಗೆ ಇಲ್ಲಿ ಏನೂ ಕಡಿಮೆಯಾಗಲಿಲ್ಲ. ವಕ್ರೀಭವನ ಎಂಬುದನ್ನು ಕನ್ನಡದಲ್ಲಿ ತಿಳಿದುಕೊಂಡವನಿಗೆ ಇಂಗ್ಲಿಷಿನಲ್ಲಿ ಬೇಕಾದದ್ದು ಒಂದು ಹೊಸ ಪದ ಮಾತ್ರ, ಹೊಸ ತಿಳಿವಳಿಕೆಯಲ್ಲ. ಲಿನಕ್ಸಿನ ಡ್ರೈವರ್‌ಗಳೆಲ್ಲ ಎಲ್ಲರಿಗೂ ತೆರೆದಿವೆ. ದುಡ್ಡು ಕೊಡಬೇಕಾಗಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮೊದಲು ಓದಿ. ಓದುತ್ತಾ ಓದುತ್ತಾ ಒಂದು ದಿನ ‘ಇಲ್ಲಿ ಹೀಗಲ್ಲ, ಹಾಗಿರಬೇಕು’ ಎಂದು ನಿಮಗೇ ಹೊಳೆಯುತ್ತದೆ. ಆ ಒಂದು ಸಾಲಿಗೆ ಜಗತ್ತಿನ ಕೆಲಸದಲ್ಲಿ ಜಾಗವಿದೆ.

ಈ ಮಾಡ್ಯೂಲನ್ನು, ಇದರ ಜೋಡಿಯನ್ನು ಮತ್ತು 5 ಮೀಟರ್ ಫೈಬರನ್ನು ಶಾಲೆಯ ವಿಜ್ಞಾನ ಪ್ರಯೋಗಾಲಯಕ್ಕೆ ಕೊಡುತ್ತಿದ್ದೇನೆ. ಇವನ್ನು ಹಾಕುವ ಎರಡು ಹಳೆಯ ಕಾರ್ಡುಗಳೂ ಜೊತೆಗಿವೆ. ಮೇಷ್ಟ್ರ ಕಣ್ಗಾವಲಿನಲ್ಲಿ ಎರಡು ಕಂಪ್ಯೂಟರುಗಳನ್ನು ಜೋಡಿಸಿ, ಚೀಟಿಯ ಬೈಟ್‌ಗಳನ್ನು ಓದಿ, ಆ ಶೇಷದ ಲೆಕ್ಕವನ್ನು ನೀವೇ ಮಾಡಿ ನೋಡಿ. ಹೇಗೆ ಮಾಡಬೇಕೆಂದು ಕನ್ನಡದಲ್ಲಿ ಎರಡು ಪುಟ ಬರೆದು ಇಟ್ಟಿದ್ದೇನೆ. ಗೊತ್ತಾಗದಿದ್ದರೆ ಮೇಷ್ಟ್ರ ಬಳಿ ನನ್ನ ಫೋನ್ ನಂಬರ್ ಇದೆ, ಭಾನುವಾರ ಮಾತನಾಡಬಹುದು.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ಈ ಶಾಲೆಗೆ ಜಾಗ ಕೊಟ್ಟವರು, ಕಲ್ಲು ಮಣ್ಣು ಹೊತ್ತು ಕಟ್ಟಿಸಿದವರು, ಸಂಬಳಕ್ಕಿಂತ ಹೆಚ್ಚಾಗಿ ದುಡಿದ ಗುರುಗಳು, ಅಡುಗೆ ಮಾಡಿ ಬಡಿಸಿದ ತಾಯಂದಿರು, ಎಲ್ಲರನ್ನೂ ನೆನೆಯುತ್ತೇನೆ. ಶಾಲೆಯ ಶತಮಾನೋತ್ಸವದಲ್ಲಿ ಈಗ ಮುಂದಿನ ಸಾಲಿನಲ್ಲಿರುವ ಯಾರಾದರೂ ಇಲ್ಲಿ ನಿಂತು ತಮ್ಮ ಕೆಲಸದ ಬಗ್ಗೆ ಹೇಳುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.